ಗಡಿಯೂರಿನ ತಾಯಿ, ಪ್ಯಾರಿಸ್ಸಿನ ಮಗ: ಮೋರಿಸ್ ರಾವೆಲ್



ತಾಳವಾಡಿಯಾಗಲಿ ಜತ್ತ ಆಗಲಿ, ನಮ್ಮ ಊರುಗಳಲ್ಲಿ ಬೊಲೆರೊ ಎಂದರೆ ಎಲ್ಲರಿಗೂ ನೆನಪಾಗುವುದು ಜೀಪು. ಅಸಲಿಗೆ ಅದು ಸ್ಪೇನ್ ದೇಶದ ಒಂದು ಕುಣಿತದ ಹೆಸರು. ಆ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಹದಿನೈದು ನಿಮಿಷದ ಒಂದು ಆರ್ಕೆಸ್ಟ್ರಾ ಸಂಗೀತ. ಅದನ್ನು ರಚಿಸಿದವರು ಫ್ರಾನ್ಸಿನ ಮೋರಿಸ್ ರಾವೆಲ್ (1875–1937). ಈ ಪುಟದಲ್ಲಿ ಹೆಚ್ಚಾಗಿ ನಮ್ಮ ನಾಡಿನ ಹಿರಿಯರ ಬಾಳನ್ನೇ ಬರೆಯುತ್ತ ಬಂದಿರುವ ನಾವು ಈ ಸಲ ಅಷ್ಟು ದೂರದವರನ್ನು ಯಾಕೆ ಆಯ್ದುಕೊಂಡೆವು ಎಂದು ಕೆಲವರು ಕೇಳಬಹುದು. ಅವರು ಹುಟ್ಟಿದ್ದು ಗಡಿಯೂರಿನಲ್ಲಿ. ತಾಯಿಯ ಮನೆಮಾತು ಆ ದೇಶದ ಶಾಲೆಯ ಮಾತಾಗಿರಲಿಲ್ಲ. ಅವರನ್ನು ಆಯ್ದುಕೊಳ್ಳಲು ನಮಗೆ ಇಷ್ಟು ಸಾಕಾಯಿತು.

ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ನಡುವೆ ಪಿರೆನೀಸ್ ಬೆಟ್ಟಸಾಲು ಇದೆ. ಆ ಬೆಟ್ಟಸಾಲು ಪಶ್ಚಿಮದಲ್ಲಿ ಕಡಲಿಗೆ ಇಳಿಯುವ ಕಡೆ, ಗಡಿಯ ಎರಡೂ ಬದಿಗೆ ಬಾಸ್ಕ್ ಜನ ನೆಲೆಸಿದ್ದಾರೆ. ಅವರ ನುಡಿಗೆ ಫ್ರೆಂಚ್, ಸ್ಪ್ಯಾನಿಷ್ ಎರಡರೊಡನೆಯೂ ನಂಟಿಲ್ಲ. ಲೋಕದ ಬೇರೆ ಯಾವ ಭಾಷಾಕುಟುಂಬದೊಡನೆಯೂ ಅದರ ಸಂಬಂಧ ಇದುವರೆಗೆ ಸಿದ್ಧವಾಗಿಲ್ಲ. ಅವರ ನಾಡನ್ನು ಏಳು ಪ್ರಾಂತಗಳೆಂದು ಎಣಿಸುವುದು ವಾಡಿಕೆ. ನಾಲ್ಕು ಸ್ಪೇನಿನ ಕಡೆಗೆ, ಮೂರು ಫ್ರಾನ್ಸಿನ ಕಡೆಗೆ. ಫ್ರಾನ್ಸಿನ ಕಡೆ, ಗಡಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಸಿಬೂರ್ ಎಂಬ ಮೀನುಗಾರರ ಊರಿದೆ. ಬಂದರಿನ ಆಚೆ ದಡದಲ್ಲಿ ಅದಕ್ಕಿಂತ ದೊಡ್ಡದಾದ ಸ್ಯಾಂ ಜಾನ್ ದ ಲೂಜ್ ಪಟ್ಟಣ. ಸಿಬೂರಿನಲ್ಲಿ, ಬಂದರಿಗೆ ಮುಖ ಮಾಡಿದ ಒಂದು ಹಳೆಯ ಮನೆಯಲ್ಲಿ, 1875ರ ಮಾರ್ಚ್ 7ರಂದು ರಾವೆಲ್ ಹುಟ್ಟಿದರು.

ತಾಯಿ ಮರಿ ದೆಲುವಾರ್ ಅದೇ ಊರಿನ ಬಡ ಕುಟುಂಬದ ಹೆಣ್ಣು. ಓದುಬರಹ ಅಷ್ಟಕ್ಕಷ್ಟೆ. ಬದುಕು ಅರಸಿ ಸ್ಪೇನಿಗೆ ಹೋಗಿದ್ದರು. ತಂದೆ ಜೋಸೆಫ್ ರಾವೆಲ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಎಂಜಿನಿಯರ್. ಸ್ಪೇನಿನ ರೈಲು ಮಾರ್ಗದ ಕೆಲಸಕ್ಕೆಂದು ಬಂದಿದ್ದವರು ಅರಂಹುಯೆಸ್ ಎಂಬಲ್ಲಿ ಮರಿಯನ್ನು ಕಂಡರು. 1873ರಲ್ಲಿ ಪ್ಯಾರಿಸ್ಸಿನಲ್ಲಿ ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ಮರಿ ತಮ್ಮ ಹುಟ್ಟೂರಿಗೆ ಬಂದರು, ನಮ್ಮಲ್ಲಿ ತವರಿಗೆ ಹೋಗುತ್ತಾರಲ್ಲ ಹಾಗೆ. ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಸಂಸಾರ ಪ್ಯಾರಿಸ್ಸಿಗೆ ಮರಳಿತು. ಮೂರು ವರ್ಷದ ಮೇಲೆ ತಮ್ಮ ಎದ್ವಾರ್ ಹುಟ್ಟಿದ.

ಲೆಕ್ಕಕ್ಕೆ ನೋಡಿದರೆ ರಾವೆಲ್ ಗಡಿಯೂರಿನಲ್ಲಿ ಕಳೆದದ್ದು ಬಾಳಿನ ಮೊದಲ ಮೂರು ತಿಂಗಳು ಮಾತ್ರ. ಆದರೆ ಆ ಊರು ತಾಯಿಯ ಜೊತೆ ಪ್ಯಾರಿಸ್ಸಿಗೂ ಬಂದಿತ್ತು. ಮರಿ ಮಗನಿಗೆ ಬಾಸ್ಕ್ ಹಾಡು ಹೇಳುತ್ತಿದ್ದರು, ಸ್ಪೇನಿನಲ್ಲಿ ಕಲಿತ ಹಾಡುಗಳನ್ನೂ ಹೇಳುತ್ತಿದ್ದರು. ಅವುಗಳಲ್ಲಿ ಹಬನೇರಾ, ಗುಹೀರಾ ಎಂಬ ಧಾಟಿಯವೂ ಇದ್ದವು. ಇವೆರಡೂ ಸ್ಪೇನಿನ ವಸಾಹತಾಗಿದ್ದ ಕ್ಯೂಬಾ ದ್ವೀಪದಿಂದ ಹಡಗಿನಲ್ಲಿ ಬಂದವು. ಹೀಗೆ ಮೂರು ಕಡೆಯ ಹಾಡು ಒಂದೇ ಕೊರಳಿನಿಂದ ಹುಡುಗನ ಕಿವಿಗೆ ಬಿತ್ತು. ತಂದೆಯದು ಯಂತ್ರಗಳ ಹುಚ್ಚು. ಮೋಟಾರು ವಾಹನಗಳು ಬರುವ ಮೊದಲೇ ಎಂಜಿನ್ನುಗಳ ಬಗ್ಗೆ ಪ್ರಯೋಗ ನಡೆಸಿದವರು. ಮಕ್ಕಳಿಬ್ಬರನ್ನೂ ಕಾರ್ಖಾನೆಗಳಿಗೆ ಕರೆದೊಯ್ದು ತೋರಿಸುತ್ತಿದ್ದರು. ಅವರಿಗೆ ಸಂಗೀತವೂ ಗೊತ್ತಿದ್ದುದರಿಂದ ಹಿರಿಯ ಮಗನಿಗೆ ಏಳನೇ ವಯಸ್ಸಿಗೇ ಪಿಯಾನೊ ಪಾಠ ಶುರುವಾಯಿತು.

1888ರಲ್ಲಿ ರಿಕಾರ್ಡೊ ವಿನ್ಯೆಸ್ ಎಂಬ ಸ್ಪೇನಿನ ಹುಡುಗನ ಪರಿಚಯವಾಯಿತು. ಇಬ್ಬರಿಗೂ ಪಿಯಾನೊ, ಇಬ್ಬರಿಗೂ ಹದಿಮೂರು ವರ್ಷ. ತಾಯಂದಿರು ಸ್ಪ್ಯಾನಿಷಿನಲ್ಲಿ ಹರಟುತ್ತಿದ್ದರೆ ಹುಡುಗರು ಪಿಯಾನೊ ಮುಂದೆ ಕೂತಿರುತ್ತಿದ್ದರು. ಮುಂದೆ ರಾವೆಲ್ ಅವರ ಹಲವು ಪಿಯಾನೊ ಕೃತಿಗಳನ್ನು ಮೊದಲು ಸಭೆಯಲ್ಲಿ ನುಡಿಸಿದ್ದು ಇದೇ ವಿನ್ಯೆಸ್. ಮರುವರ್ಷ ರಾವೆಲ್ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯ ಸೇರಿದರು. ಜಾಣ ವಿದ್ಯಾರ್ಥಿಯೇನೋ ಹೌದು, ಆದರೆ ಹೇಳಿದ ಹಾಗೆ ಕೇಳುವವರಲ್ಲ. ಬಹುಮಾನ ಬರಲಿಲ್ಲ ಎಂದು 1895ರಲ್ಲಿ ವಿದ್ಯಾಲಯ ಬಿಡಬೇಕಾಯಿತು. ಅದೇ ವರ್ಷ ಎರಡು ಪಿಯಾನೊಗಳಿಗಾಗಿ ಒಂದು ಹಬನೇರಾ ಬರೆದರು. ಇಪ್ಪತ್ತು ವರ್ಷದ ಹುಡುಗ ತಾಯಿಯ ಹಾಡಿನ ಧಾಟಿಯನ್ನು ಮೊದಲ ಬಾರಿಗೆ ತನ್ನದಾಗಿ ಮಾಡಿಕೊಂಡದ್ದು ಅದರಲ್ಲಿ. ಆಮೇಲೆ ಮತ್ತೆ ವಿದ್ಯಾಲಯಕ್ಕೆ ಬಂದು ಗಾಬ್ರಿಯೇಲ್ ಫೋರೆ ಅವರ ಶಿಷ್ಯರಾದರು. ಗುರು ಸಿಕ್ಕರೆ ಅಂಥವರು ಸಿಗಬೇಕು. ಶಿಷ್ಯನ ದಾರಿ ತಮ್ಮದಲ್ಲ ಎಂದು ಗೊತ್ತಿದ್ದೂ ಫೋರೆ ಕೊನೆಯವರೆಗೆ ಕೈಬಿಡಲಿಲ್ಲ.

ಆ ಕಾಲದ ಫ್ರಾನ್ಸಿನಲ್ಲಿ ಪ್ರೀ ದ ರೋಮ್ ಎಂಬ ಸರಕಾರಿ ಸ್ಪರ್ಧೆ ಇತ್ತು. ಗೆದ್ದವರು ಸರಕಾರದ ಖರ್ಚಿನಲ್ಲಿ ರೋಮ್ ನಗರದಲ್ಲಿದ್ದು ಕೆಲಸ ಮಾಡಬಹುದಿತ್ತು. ರಾವೆಲ್ ಐದು ಸಲ ಪ್ರಯತ್ನಿಸಿದರು. 1901ರಲ್ಲಿ ಸಿಕ್ಕಿದ್ದು ಕೆಳಗಿನ ಬಹುಮಾನ, ಅಷ್ಟೆ. 1905 ಅವರಿಗೆ ಕೊನೆಯ ಅವಕಾಶ, ವಯೋಮಿತಿ ಮುಗಿಯುತ್ತಿತ್ತು. ಆ ಹೊತ್ತಿಗಾಗಲೇ ಪಿಯಾನೊಗೆ ಬರೆದ ನೀರಿನಾಟ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್ ಎಲ್ಲ ಹೆಸರು ಮಾಡಿದ್ದವು. ಆದರೂ ಮೊದಲ ಸುತ್ತಿನಲ್ಲೇ ಹೊರಗೆ ಹಾಕಿದರು. ಕೊನೆಯ ಸುತ್ತಿಗೆ ಹೋದವರೆಲ್ಲ ತೀರ್ಪುಗಾರರಲ್ಲಿ ಒಬ್ಬರಾದ ಲನೆಪ್ವೂ ಅವರ ಶಿಷ್ಯರೇ ಎಂದು ತಿಳಿದಾಗ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಲೇಖಕ ರೊಮೆ ರೊಲಾ ರಾವೆಲ್ ಪರವಾಗಿ ಬರೆದರು. (ರಾಮಕೃಷ್ಣ, ವಿವೇಕಾನಂದ, ಗಾಂಧಿ ಅವರ ಜೀವನ ಚರಿತ್ರೆಗಳನ್ನು ಮುಂದೆ ಬರೆದ ರೊಮೆ ರೊಲಾ ಇವರೇ.) ವಿದ್ಯಾಲಯದ ನಿರ್ದೇಶಕರು ಹೊರಟುಹೋದರು, ಆ ಕುರ್ಚಿಗೆ ಫೋರೆ ಬಂದರು. ರಾವೆಲ್ ಮಾತ್ರ ಗದ್ದಲದಿಂದ ದೂರ ಸರಿದು ತಮ್ಮ ಪಾಡಿಗೆ ಬರೆಯುತ್ತ ಕೂತರು.

ಮುಂದಿನ ಕೆಲವು ವರ್ಷ ಹುಲುಸಾದ ಫಸಲು. ಆರ್ಕೆಸ್ಟ್ರಾಕ್ಕೆ ಬರೆದ ಸ್ಪ್ಯಾನಿಷ್ ರಾಪ್ಸೊಡಿಯಲ್ಲಿ ಹಳೆಯ ಹಬನೇರಾವನ್ನೇ ಒಂದು ಭಾಗವಾಗಿ ಸೇರಿಸಿದರು. ಸ್ಪೇನಿನ ದೊಡ್ಡ ಸಂಗೀತಗಾರ ಮನುವೆಲ್ ದ ಫಾಯಾ ಅದನ್ನು ಕೇಳಿ ಬೆರಗಾದರು. ಸ್ಪೇನಿನ ಒಳನಾಡನ್ನೇ ನೋಡದ ಫ್ರೆಂಚರಿಗೆ ಇಂಥ ಸಹಜ ಸ್ಪ್ಯಾನಿಷ್ ದನಿ ಎಲ್ಲಿಂದ ಬಂತು ಎಂಬ ಒಗಟು, ರಾವೆಲ್ ಅವರ ತಾಯಿಯನ್ನು ಕಂಡು ಅವರ ಸ್ಪ್ಯಾನಿಷ್ ಕೇಳಿದ ಮೇಲೆ ಬಿಡಿಸಿಕೊಂಡಿತು. ಅದೇ ಕಾಲದಲ್ಲಿ ಬರೆದ ಒಂದು ಗಂಟೆಯ ಹಾಸ್ಯ ಆಪೆರಾ ನಡೆಯುವುದು ಸ್ಪೇನಿನ ತೊಲೆದೊ ಊರಿನ ಗಡಿಯಾರದ ಅಂಗಡಿಯಲ್ಲಿ. ತೆರೆ ಏಳುವಾಗ ಅಂಗಡಿಯ ಗಡಿಯಾರಗಳೆಲ್ಲ ಬೇರೆ ಬೇರೆ ವೇಗದಲ್ಲಿ ಟಿಕ್ ಟಿಕ್ ಎನ್ನುತ್ತಿರುತ್ತವೆ. ತಂದೆಯ ಯಂತ್ರವೂ ತಾಯಿಯ ಸ್ಪೇನೂ ಒಂದೇ ಅಂಗಡಿಯಲ್ಲಿ! ಕಾಯಿಲೆ ಬಿದ್ದಿದ್ದ ತಂದೆ ಅದನ್ನು ನೋಡಲಿ ಎಂದು ಅವಸರದಲ್ಲಿ ಬರೆದದ್ದು. ಆದರೆ ತಂದೆ 1908ರಲ್ಲಿ ತೀರಿಕೊಂಡರು, ಆಪೆರಾ ರಂಗಕ್ಕೆ ಬಂದದ್ದು 1911ರಲ್ಲಿ.

ನಮ್ಮ ದೇಶದ ಜೊತೆ ಒಂದು ಎಳೆಯ ನಂಟೂ ಇದೆ. ರಾವೆಲ್ ಅವರ ಗೆಳೆಯ ಮತ್ತು ಶಿಷ್ಯ ಮೋರಿಸ್ ದೆಲಾಜ್ 1912ರಲ್ಲಿ ಭಾರತಕ್ಕೆ ಬಂದಿದ್ದರು. ಇಲ್ಲಿ ಕೇಳಿದ ಸಂಗೀತದ ಗುಂಗಿನಲ್ಲಿ ನಾಲ್ಕು ಹಾಡು ಬರೆದು, ಅವಕ್ಕೆ ಮದ್ರಾಸು, ಲಾಹೋರು, ಬನಾರಸು, ಜೈಪುರ ಎಂದು ಊರುಗಳ ಹೆಸರಿಟ್ಟರು. 1914ರ ಜನವರಿಯಲ್ಲಿ ಪ್ಯಾರಿಸ್ಸಿನ ಒಂದೇ ಕಛೇರಿಯಲ್ಲಿ ಗುರುಗಳ ಹೊಸ ಹಾಡುಗಳ ಜೊತೆ ಇವೂ ಮೊದಲ ಬಾರಿ ಕೇಳಿಬಂದವು.

ಈಗ ನಮ್ಮನ್ನು ಹೆಚ್ಚು ಸೆಳೆದ ಸಂಗತಿಗೆ ಬರುತ್ತೇವೆ. ಬೆಳೆದ ಮೇಲೆ ರಾವೆಲ್ ಬಹುಪಾಲು ಬೇಸಿಗೆಗಳನ್ನು ತಾಯಿಯ ಸೀಮೆಯಲ್ಲೇ, ಸ್ಯಾಂ ಜಾನ್ ದ ಲೂಜ್‌ನಲ್ಲಿ, ಕಳೆಯುತ್ತಿದ್ದರು. ಕಡಲಲ್ಲಿ ಈಜು, ಬೆಟ್ಟದಲ್ಲಿ ನಡಿಗೆ, ಬಾಸ್ಕ್ ಜನರ ಪೆಲೋಟಾ ಎಂಬ ಚೆಂಡಾಟ. ಅಲ್ಲಿದ್ದಾಗ ಬಾಸ್ಕ್ ಧಾಟಿಗಳನ್ನೇ ಹಿಡಿದು ಪಿಯಾನೊ ಮತ್ತು ಆರ್ಕೆಸ್ಟ್ರಾಕ್ಕೆ ಒಂದು ಕೃತಿ ಬರೆಯಲು ತೊಡಗಿದರು. ಹೆಸರು ಜಸ್ಪಿಯಾಕ್ ಬಾತ್. ಏಳೂ ಸೇರಿ ಒಂದು ಎಂದು ಅರ್ಥ. ಗಡಿಯ ಎರಡೂ ಬದಿಯ ಏಳು ಪ್ರಾಂತಗಳ ಜನ ಒಂದೇ ಎನ್ನುವ ಬಾಸ್ಕರ ನಲ್ನುಡಿ ಅದು. ಗಡಿಯಾಚೆ ನೆಲೆಸಿದ ನಮ್ಮಂಥವರಿಗೆ ಆ ಎರಡು ಪದಗಳ ಭಾರವನ್ನು ವಿವರಿಸಬೇಕಾಗಿಲ್ಲ. ಕೃತಿ ಮಾತ್ರ ಮುಗಿಯಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾಯಿತು, ಟಿಪ್ಪಣಿಗಳು ಪ್ಯಾರಿಸ್ಸಿನಲ್ಲಿ ಉಳಿದಿದ್ದವು, ರಾವೆಲ್ ಅದನ್ನು ಬದಿಗಿಟ್ಟರು.

ಆದರೆ ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ಪಿಯಾನೊ, ವಯಲಿನ್, ಚೆಲೊ ಮೂರಕ್ಕೆ ಟ್ರಿಯೊ ಬರೆದು ಮುಗಿಸಿದರು. ಸೈನ್ಯಕ್ಕೆ ಸೇರುವ ಆತುರ ಒಂದು ಕಡೆ, ವಯಸ್ಸಾದ ತಾಯಿಯನ್ನು ಬಿಟ್ಟುಹೋಗುವ ಸಂಕಟ ಇನ್ನೊಂದು ಕಡೆ. ಐದು ತಿಂಗಳ ಕೆಲಸವನ್ನು ಐದು ವಾರದಲ್ಲಿ ಮಾಡಿದ ಹಾಗೆ ಅವರಿಗೆ ಅನ್ನಿಸಿತ್ತಂತೆ. ಅದರ ಮೊದಲ ಭಾಗಕ್ಕೆ ಬಾಸ್ಕ್ ಬಣ್ಣವಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಎಂಟು ಎಣಿಕೆ, ಮೂರು-ಎರಡು-ಮೂರು ಎಂದು ಒಡೆದದ್ದು. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದರೆ ತಕಿಟ ತಕ ತಕಿಟ ಎಂದು ಸಲೀಸಾಗಿ ಕೂರುತ್ತದೆ. ರಾವೆಲ್ ಅವರ ಒಂದೇ ಕೃತಿ ಉಳಿಸಿಕೊಳ್ಳಿ ಎಂದರೆ ನಾವು ಇದನ್ನು ಉಳಿಸಿಕೊಳ್ಳುತ್ತೇವೆ, ಬೊಲೆರೊವನ್ನಲ್ಲ.

ಸೈನ್ಯ ಅವರನ್ನು ಬೇಡವೆಂದಿತು. ಎತ್ತರ ಐದು ಅಡಿ ಮೂರು ಅಂಗುಲದ ಆಸುಪಾಸು, ತೂಕ ಎರಡು ಕಿಲೊ ಕಡಿಮೆ. ಹಟ ಹಿಡಿದು, 1915ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ ಲಾರಿ ಚಾಲಕರಾಗಿ ಸೇರಿಯೇಬಿಟ್ಟರು. ಮರುವರ್ಷ ವೆರ್ದೂನ್ ರಣಾಂಗಣದ ಹಿಂದಿನ ಹಾಳುಬಿದ್ದ ದಾರಿಗಳಲ್ಲಿ ಲಾರಿ ಓಡಿಸಿದರು.

ಅದೇ 1916ರಲ್ಲಿ ಪ್ಯಾರಿಸ್ಸಿನ ಕೆಲವು ಸಂಗೀತಗಾರರು ಫ್ರೆಂಚ್ ಸಂಗೀತದ ರಕ್ಷಣೆಗೆಂದು ಒಂದು ಸಂಘ ಕಟ್ಟಿದರು. ಶತ್ರು ದೇಶಗಳ, ಎಂದರೆ ಜರ್ಮನಿ ಮತ್ತು ಆಸ್ಟ್ರಿಯಾದ, ಈ ಕಾಲದ ಸಂಗೀತವನ್ನು ಫ್ರಾನ್ಸಿನಲ್ಲಿ ನುಡಿಸಬಾರದು ಎಂಬುದು ಬೇಡಿಕೆ. ರಾವೆಲ್ ಅವರಿಗೂ ಸಹಿ ಹಾಕಲು ಕೇಳಿದರು. ರಣಾಂಗಣದಲ್ಲಿದ್ದುಕೊಂಡೇ ಅವರು ಒಪ್ಪಲಿಲ್ಲ. ಷೋನ್‌ಬರ್ಗ್ ಆಸ್ಟ್ರಿಯಾದವರು ಎಂಬುದು ತಮಗೆ ಮುಖ್ಯವಲ್ಲ, ಬಾರ್ತೋಕ್ ಮತ್ತು ಕೊದಾಯ್ ಹಂಗೇರಿಯವರಾಗಿ ತಮ್ಮ ನಾಡಿನ ಸೊಗಡನ್ನು ಸಂಗೀತದಲ್ಲಿ ತೋರಿಸುವುದು ತಮಗೆ ಸಂತೋಷವೇ, ಹೊರಗಿನ ಗಾಳಿ ಬಾರದಂತೆ ಬಾಗಿಲು ಹಾಕಿಕೊಂಡರೆ ಫ್ರೆಂಚ್ ಸಂಗೀತವೇ ಸೊರಗುತ್ತದೆ ಎಂಬ ಅರ್ಥದ ಪತ್ರ ಬರೆದರು. ನಿಮ್ಮ ಕೃತಿಗಳೂ ನಿಂತಾವು ಎಂಬ ಬೆದರಿಕೆ ಬಂತು. ಅವರು ಜಗ್ಗಲಿಲ್ಲ. ಮನೆಯಲ್ಲಿ ಕೂತು ಇಂಥ ಪತ್ರ ಬರೆಯುವುದು ಬೇರೆ, ಶತ್ರುವಿನ ಶೆಲ್ಲು ಬೀಳುವ ಕಡೆ ಸಮವಸ್ತ್ರ ತೊಟ್ಟು ಬರೆಯುವುದು ಬೇರೆ.

ಆ ವರ್ಷದ ಕೊನೆಗೆ ಅವರ ದೇಹ ಸೋತಿತು. ಭೇದಿ ಹಿಡಿದು ಆಸ್ಪತ್ರೆ ಸೇರಿ, ಪ್ಯಾರಿಸ್ಸಿಗೆ ಮರಳಿದರು. 1917ರ ಜನವರಿ 5ರಂದು ತಾಯಿ ತೀರಿಕೊಂಡರು. ರಾವೆಲ್ ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅವರ ಬಾಳಿನ ದೊಡ್ಡ ಅಕ್ಕರೆ ಎಂದರೆ ತಾಯಿಯೊಬ್ಬರೇ. ಯುದ್ಧದ ಮೊದಲು ಶುರುಮಾಡಿದ್ದ ಕೂಪ್ರಾ ಸ್ಮಾರಕ ಎಂಬ ಪಿಯಾನೊ ಕೃತಿಯನ್ನು ಅದೇ ವರ್ಷ ಮುಗಿಸಿ, ಅದರ ಆರೂ ಭಾಗಗಳನ್ನು ಯುದ್ಧದಲ್ಲಿ ಸತ್ತ ಗೆಳೆಯರಿಗೆ ಅರ್ಪಿಸಿದರು. ಒಂದು ಭಾಗ ಪಿಯೆರ್ ಮತ್ತು ಪಾಸ್ಕಲ್ ಗೋದಾ ಎಂಬ ಅಣ್ಣತಮ್ಮಂದಿರಿಗೆ. ಸ್ಯಾಂ ಜಾನ್ ದ ಲೂಜ್‌ನ ಆ ಇಬ್ಬರನ್ನು ಒಂದೇ ಶೆಲ್ಲು ಕೊಂದಿತ್ತು. ಅಳುವ ಸಂಗೀತವಲ್ಲ ಅದು, ಹಳೆಯ ಕುಣಿತಗಳ ಹಗುರಾದ ಸಂಗೀತ. ಹಾಗಿರುವುದರಿಂದಲೇ ಹೆಚ್ಚು ನೋಯಿಸುತ್ತದೆ. ಅದಾದ ಮೇಲೆ ಸುಮಾರು ಎರಡು ವರ್ಷ ಹೊಸದಾಗಿ ಹುಟ್ಟಿದ್ದು ತೀರ ಕಡಿಮೆ.

1920ರಲ್ಲಿ ಸರಕಾರ ಲೀಜಿಯನ್ ಆಫ್ ಆನರ್ ಎಂಬ ದೊಡ್ಡ ಗೌರವ ಘೋಷಿಸಿದಾಗ ರಾವೆಲ್ ಬೇಡವೆಂದರು, ಕಾರಣ ಹೇಳಲಿಲ್ಲ. ಮರುವರ್ಷ ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಮೊಂಫೋರ್ ಲಮೋರಿಯಲ್ಲಿ ಒಂದು ಪುಟ್ಟ ಮನೆ ಕೊಂಡು, ಕೀಲಿ ಕೊಟ್ಟರೆ ಆಡುವ ಬೊಂಬೆಗಳನ್ನೂ ಸಯಾಮಿ ಬೆಕ್ಕುಗಳನ್ನೂ ಸಾಕಿಕೊಂಡು ಒಬ್ಬರೇ ಇದ್ದರು. ಲೇಖಕಿ ಕೊಲೆತ್ ಬರೆದುಕೊಟ್ಟ ಕಥೆಗೆ ಅಲ್ಲಿ ಸಂಗೀತ ಹೂಡಿದರು. ಪಾಠ ಓದಲು ಒಲ್ಲದ ತುಂಟ ಹುಡುಗನಿಗೆ ಅಮ್ಮ ಶಿಕ್ಷೆ ಕೊಡುತ್ತಾಳೆ. ಸಿಟ್ಟಿನಲ್ಲಿ ಅವನು ಸಾಮಾನು ಒಡೆಯುತ್ತಾನೆ, ಪ್ರಾಣಿಗಳನ್ನು ಹಿಂಸಿಸುತ್ತಾನೆ. ಕುರ್ಚಿ, ಗಡಿಯಾರ, ಚಹಾದ ಬಟ್ಟಲು, ತೋಟದ ಮರ, ಅಳಿಲು ಎಲ್ಲಕ್ಕೂ ಜೀವ ಬಂದು ಅವನ ಮೇಲೆ ತಿರುಗಿ ಬೀಳುತ್ತವೆ. ಗದ್ದಲದಲ್ಲಿ ಗಾಯಗೊಂಡ ಅಳಿಲಿಗೆ ಹುಡುಗ ಪಟ್ಟಿ ಕಟ್ಟುತ್ತಾನೆ. ಆಪೆರಾದ ಕೊನೆಯ ಪದ ಅಮ್ಮಾ. ಅಲ್ಲಿಗೆ ಸಂಗೀತ ನಿಲ್ಲುತ್ತದೆ. ಇದು ಮೊದಲು ರಂಗಕ್ಕೆ ಬಂದದ್ದು 1925ರಲ್ಲಿ, ಮಾಂಟೆ ಕಾರ್ಲೊದಲ್ಲಿ.

1928ರ ಮೊದಲ ತಿಂಗಳುಗಳಲ್ಲಿ ಅಮೆರಿಕ ಸುತ್ತಿ, ಜಾಜ್ ಕೇಳಿ, ಗರ್ಶ್‌ವಿನ್ ಅವರನ್ನು ಕಂಡು ಬಂದರು. ಆ ವರ್ಷವೇ ಬೊಲೆರೊ. ನರ್ತಕಿ ಇಡಾ ರೂಬಿನ್‌ಸ್ಟೈನ್ ಒಂದು ಸ್ಪ್ಯಾನಿಷ್ ಬ್ಯಾಲೆ ಕೇಳಿದ್ದರು. ಬೇರೆಯವರ ಪಿಯಾನೊ ಕೃತಿಗಳನ್ನು ಆರ್ಕೆಸ್ಟ್ರಾಕ್ಕೆ ಹೊಂದಿಸಿ ಕೊಡುವ ಯೋಚನೆ ಹಕ್ಕಿನ ತೊಡಕಿನಿಂದ ಬಿದ್ದುಹೋಯಿತು. ಸ್ಯಾಂ ಜಾನ್ ದ ಲೂಜ್‌ನಲ್ಲಿ ಒಂದು ಬೆಳಗ್ಗೆ ಈಜಲು ಹೊರಡುವ ಮುಂಚೆ, ಒಂದೇ ಬೆರಳಿನಲ್ಲಿ ಒಂದು ಧಾಟಿಯನ್ನು ಪಿಯಾನೊ ಮೇಲೆ ಗೆಳೆಯರೊಬ್ಬರಿಗೆ ನುಡಿಸಿ ತೋರಿಸಿದರು. ಅದೇ ಬೊಲೆರೊ. ಚಿಕ್ಕ ಡೋಲಿನ ಒಂದೇ ಪೆಟ್ಟಿನ ವರಸೆ 169 ಸಲ, ಅದರ ಮೇಲೆ ಜೋಡಿ ಧಾಟಿ ಸುತ್ತಿ ಸುತ್ತಿ ಬರುತ್ತದೆ. ಸುತ್ತಿಗೊಂದು ವಾದ್ಯ ಬದಲಾಗುತ್ತದೆ, ಸದ್ದು ಏರುತ್ತದೆ, ಕೊನೆಗೆ ಕುಸಿದು ಬೀಳುತ್ತದೆ. ಹಗಲಿರುಳು ತಿರುಗುವ ಕಾರ್ಖಾನೆ ಅವರ ಕಣ್ಣ ಮುಂದಿತ್ತು. ಇದು ಇಷ್ಟು ಜನಪ್ರಿಯವಾದೀತು ಎಂದು ಅವರೂ ಎಣಿಸಿರಲಿಲ್ಲ. 1930ರಲ್ಲಿ, ಅವರು ಬದುಕಿರುವಾಗಲೇ, ಹುಟ್ಟಿದ ಮನೆಯ ಮುಂದಿನ ಬಂದರು ಬೀದಿಗೆ ಸಿಬೂರಿನವರು ಅವರ ಹೆಸರಿಟ್ಟರು.

ಆಮೇಲೆ ಎರಡು ಪಿಯಾನೊ ಕಾನ್ಸರ್ಟೊಗಳನ್ನು ಒಟ್ಟೊಟ್ಟಿಗೆ ಬರೆದರು. ಅವುಗಳಲ್ಲಿ ಒಂದು ಎಡಗೈಗೆ ಮಾತ್ರ. ಅದನ್ನು ಬರೆಸಿದವರು ಪೌಲ್ ವಿಟ್‌ಗೆನ್‌ಸ್ಟೈನ್, ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ. ಆಸ್ಟ್ರಿಯಾದವರು, ಎಂದರೆ ಆ ಯುದ್ಧದಲ್ಲಿ ರಾವೆಲ್ ಅವರ ಎದುರು ಪಕ್ಷದಲ್ಲಿ ಸೈನಿಕರಾಗಿದ್ದವರು.

1932ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅವರು ಕೂತಿದ್ದ ಟ್ಯಾಕ್ಸಿ ಅಪಘಾತಕ್ಕೀಡಾಯಿತು. ಮೊದಮೊದಲು ದೊಡ್ಡದೇನೂ ಅಲ್ಲ ಅನ್ನಿಸಿತು. ಬರವಣಿಗೆಯಲ್ಲಿ ತಪ್ಪು ಅದಕ್ಕೂ ಮುಂಚೆಯೇ ಕಾಣಿಸಿಕೊಂಡಿತ್ತು, ಈಗ ಹೆಚ್ಚಿತು. ಒಂದು ಸಿನಿಮಾಕ್ಕೆಂದು ದೊನ್ ಕಿಹೋತೆಯ ಮೂರು ಹಾಡು ಒಪ್ಪಿಕೊಂಡಿದ್ದರು. ಸಮಯಕ್ಕೆ ಮುಗಿಸಲಾಗದೆ ಆ ಕೆಲಸ ಬೇರೆಯವರ ಪಾಲಾಯಿತು. ಹಾಡುಗಳನ್ನು ಹೇಗೋ ಪೂರ್ತಿ ಮಾಡಿದರು. ಮೊದಲನೆಯದು ಗುಹೀರಾ, ತಾಯಿ ಹೇಳುತ್ತಿದ್ದ ಕ್ಯೂಬಾದ ಧಾಟಿ. ಎರಡನೆಯದು ಜೋರ್ಚಿಕೊ ಎಂಬ ಬಾಸ್ಕ್ ಲಯ. ಐದರ ಎಣಿಕೆ ಅದಕ್ಕೆ. ಖಂಡ ಚಾಪು ಕೇಳಿದ ಕಿವಿಗೆ ಐದು ಹೊಸದಲ್ಲ. ಮೂರನೆಯದು ಸ್ಪೇನಿನ ಹೋತಾ ಕುಣಿತ. ಅವರು ಬರೆದ ಕೊನೆಯ ಹೊಸ ಸಂಗೀತ ಇದೇ.

1933ರ ಬೇಸಿಗೆಯಲ್ಲಿ ಸ್ಯಾಂ ಜಾನ್ ದ ಲೂಜ್‌ನ ಕಡಲಿಗಿಳಿದಾಗ, ಚೆನ್ನಾಗಿ ಬಲ್ಲ ಈಜು ಕೈಗೆ ಬರಲಿಲ್ಲ. ಮುಂದೆ ಸಹಿ ಹಾಕುವುದೂ ದುಸ್ತರವಾಯಿತು. ಪುಟ್ಟದೊಂದು ಪತ್ರಕ್ಕೆ ನಿಘಂಟು ಪಕ್ಕದಲ್ಲಿಟ್ಟುಕೊಂಡು, ಅಕ್ಷರ ನೋಡಿ ನೋಡಿ ಬರೆಯುತ್ತ ವಾರಗಟ್ಟಲೆ ಹೆಣಗಿದ್ದುಂಟು. ಪರೀಕ್ಷಿಸಿದ ನರರೋಗ ತಜ್ಞ ಅಲಾಜ್ವಾನಿನ್ ಒಂದು ಸಂಗತಿ ದಾಖಲಿಸಿದ್ದಾರೆ. ತಮ್ಮ ಕೃತಿಯನ್ನು ಯಾರಾದರೂ ನುಡಿಸುವಾಗ ಒಂದು ಸ್ವರ ತಪ್ಪಿದರೂ ರಾವೆಲ್ ಕೂಡಲೇ ಗುರುತಿಸುತ್ತಿದ್ದರು. ಕೇಳಿಸುತ್ತಿತ್ತು, ತಿಳಿಯುತ್ತಿತ್ತು, ಕಾಗದದ ಮೇಲೆ ಇಳಿಸಲು ಮಾತ್ರ ಆಗುತ್ತಿರಲಿಲ್ಲ. ಜೋನ್ ಆಫ್ ಆರ್ಕ್ ಕುರಿತ ಆಪೆರಾ ತಲೆಯಲ್ಲಿದೆ ಎಂದು ಗೆಳೆಯರಲ್ಲಿ ಹೇಳಿಕೊಳ್ಳುತ್ತಿದ್ದರು. 1935ರಲ್ಲಿ ಇಡಾ ರೂಬಿನ್‌ಸ್ಟೈನ್ ತಮ್ಮ ಖರ್ಚಿನಲ್ಲಿ ಅವರನ್ನು ಸ್ಪೇನ್, ಮೊರೊಕ್ಕೊ ಪ್ರವಾಸಕ್ಕೆ ಕಳಿಸಿದರು. ಕೆಲವು ದಿನ ಗೆಲುವಾಗಿದ್ದರು, ಅಷ್ಟೆ.

1937ರ ಡಿಸೆಂಬರಿನಲ್ಲಿ ಮೆದುಳಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಗೆಡ್ಡೆ ಇರಬಹುದೆಂದು ತೆರೆದು ನೋಡಿದರೆ ಗೆಡ್ಡೆ ಇರಲಿಲ್ಲ. ಎಚ್ಚರಗೊಂಡು ತಮ್ಮ ಎದ್ವಾರನನ್ನು ಕೇಳಿದರಂತೆ. ಆಮೇಲೆ ಪ್ರಜ್ಞೆ ತಪ್ಪಿತು. ಡಿಸೆಂಬರ್ 28ರ ಬೆಳಗಿನ ಜಾವ ತೀರಿಕೊಂಡರು. 62 ವರ್ಷ. ಪ್ಯಾರಿಸ್ ಪಕ್ಕದ ಲವಲ್ವಾ ಪೆರೆಯಲ್ಲಿ ತಂದೆತಾಯಿಯರ ಸಮಾಧಿಯಲ್ಲೇ ಅವರನ್ನೂ ಮಣ್ಣು ಮಾಡಿದರು.

ಕೇಳಲು ಮನಸ್ಸಾದ ಸದಸ್ಯರಿಗೆ ನಾವು ಸೂಚಿಸುವ ಕ್ರಮ ಹೀಗೆ: ಮೊದಲು ಟ್ರಿಯೊದ ಮೊದಲ ಭಾಗ, ಸುಮಾರು ಹತ್ತು ನಿಮಿಷ. ಬಳಿಕ ಸ್ಪ್ಯಾನಿಷ್ ರಾಪ್ಸೊಡಿಯ ಹಬನೇರಾ, ಮೂರು ನಿಮಿಷಕ್ಕಿಂತ ಕಡಿಮೆ. ಆಮೇಲೆ ದೊನ್ ಕಿಹೋತೆಯ ಮೂರು ಹಾಡು. ಬೊಲೆರೊ ಕೊನೆಗಿರಲಿ. ಅದನ್ನು ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ, ಮೊದಲ ಎರಡು ನಿಮಿಷದ ಡೋಲು ಕೇಳಿಸುವುದೇ ಇಲ್ಲ.